ಉಪ್ಪಿನಕಾಯಿ ತಿಂದಿದ್ದು ಬೆಕ್ಕಂತೆ!

ಇಂಡಿ ಕಡೆಯ ಅಜ್ಜಿಯೊಬ್ಬರು ವಿಜಯಪುರದ ನನ್ನ ಕ್ಲಿನಿಕ್ಕಿಗೆ ಇಬ್ಬರು ಮೊಮ್ಮಕ್ಕಳನ್ನು ಕರೆತಂದಿದ್ದರು. ದೂರು ನಾಲ್ಕೂವರೆ ವರ್ಷದ ಹುಡುಗನ ಮೇಲೆ. ಲಿಂಬೆ ಉಪ್ಪಿನಕಾಯಿ ಭರಣಿಗೆ ಕೈ ಹಾಕಿದ್ದಾನೆ. ಅಂಗಿ ತುಂಬಾ ಕಲೆ. ಯಾರು ತಿಂದಿದ್ದು ಅಂದರೆ ‘ಬೆಕ್ಕು’ ಅಂತಾನೆ.

“ಈಗಿಂದನ ಹಿಂಗ ಸುಳ್ಳ ಹೇಳಾಕತ್ತಾನ್ರಿ ಮೇಡಂ, ಮುಂದ ಹೆಂಗ್ರೀ?” ಆಮೇಲೆ ಮೂರು ವರ್ಷದ ತಂಗಿಯನ್ನು ತೋರಿಸಿ, “ಇಕಿ ನೋಡ್ರಿ, ತಿಂದ್ರ ತಿಂದೀನಿ ಅಂತಾಳ” ಎಂದರು.

ನನಗೆ ಚಾರ್ಲ್ಸ್ ಡಾರ್ವಿನ್ ನೆನಪಾದರು. ಹೌದು, ವಿಕಾಸವಾದದ ಡಾರ್ವಿನ್ನೇ. ತಮ್ಮ ಮೊದಲ ಮಗನ ಬಗ್ಗೆ ಬರೆದಿಟ್ಟಿದ್ದ ದಿನಚರಿಯನ್ನು ಆಧರಿಸಿ 1877ರಲ್ಲಿ ಒಂದು ಲೇಖನ ಪ್ರಕಟಿಸಿದರು. ಎರಡೂವರೆ ವರ್ಷ ದಾಟಿದ್ದ ಆ ಹುಡುಗ ಒಮ್ಮೆ ಅಂಗಿಯ ಮೇಲಿನ ಬಟ್ಟೆಯನ್ನು ಸುರುಳಿ ಸುತ್ತಿಕೊಂಡು ಊಟದ ಕೋಣೆಯಿಂದ ಬಂದ. ಏನದು ಅಂದರೆ ‘ಏನಿಲ್ಲ, ನೀನು ಹೋಗು’ ಎಂದ. ಬಿಚ್ಚಿ ನೋಡಿದರೆ ಉಪ್ಪಿನಕಾಯಿ ರಸದ ಕಲೆ! ಇಂಡಿಯಾದರೇನು, ಇಂಗ್ಲೆಂಡಾದರೇನು.

ನಾನು ಎರಡು ಸ್ಟೀಲ್ ಡಬ್ಬಿ, ಒಂದು ಶೇಂಗಾ ಉಂಡೆ ತೆಗೆದೆ. ವಿಮ್ಮರ್ ಮತ್ತು ಪೆರ್ನರ್ ಎಂಬ ಮನೋವಿಜ್ಞಾನಿಗಳು 1983ರಲ್ಲಿ ಚಾಕೊಲೇಟ್ ಕಥೆ ಹೇಳಿ ಮಾಡಿದ ಪರೀಕ್ಷೆ ಇದು. ರಾಜು ಉಂಡೆಯನ್ನು ಈ ಡಬ್ಬಿಯಲ್ಲಿಟ್ಟು ಆಡಲು ಹೋದ. ಅವನಿಲ್ಲದಾಗ ಅವನ ಅವ್ವ ಅದನ್ನು ಆ ಡಬ್ಬಿಗೆ ಹಾಕಿದಳು. ರಾಜು ವಾಪಸ್ ಬಂದು ಮೊದಲು ಎಲ್ಲಿ ಹುಡುಕುತ್ತಾನೆ?

ತಂಗಿ ಥಟ್ಟನೆ ಎರಡನೇ ಡಬ್ಬಿ ತೋರಿಸಿದಳು. ಅಣ್ಣ ಅವಳನ್ನು ದಡ್ಡಿ ಅನ್ನೋ ಹಾಗೆ ನೋಡಿ, “ಅಂವಗ ಹೆಂಗ ಗೊತ್ತಿರತೈತಿ?” ಎಂದ.

ವ್ಯತ್ಯಾಸ ಇರೋದೇ ಇಲ್ಲಿ. ತನಗೆ ಗೊತ್ತಿರೋದೆಲ್ಲ ಎಲ್ಲರಿಗೂ ಗೊತ್ತು ಅಂತ ತಂಗಿ ಅಂದುಕೊಂಡಿದ್ದಾಳೆ. ನಾಲ್ಕರ ಆಸುಪಾಸಿನಲ್ಲಿ ಇದು ಬದಲಾಗುತ್ತದೆ. ಇನ್ನೊಬ್ಬರ ತಲೆಯಲ್ಲಿ ಬೇರೆಯದೇ ಲೆಕ್ಕ ಇರಬಹುದು ಅಂತ ಮಗುವಿಗೆ ಹೊಳೆಯುತ್ತದೆ. ಸುಳ್ಳಿಗೆ ಬೇಕಾದ ಬಂಡವಾಳವೂ ಇದೇ ಅಲ್ವಾ? ಇನ್ನೂ ಚಿಕ್ಕ ಮಕ್ಕಳೂ ‘ಇಲ್ಲ’ ಅನ್ನುತ್ತವೆ, ಆದರೆ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತವೆ. ನಿಜವನ್ನು ತಡೆಹಿಡಿದು, ಹೇಳಿದ ಸುಳ್ಳನ್ನು ನೆನಪಿಟ್ಟುಕೊಳ್ಳಲು ಹಣೆಯ ಹಿಂದಿನ ಮೆದುಳು ಪಳಗಬೇಕು. ಅದಕ್ಕೆ ವರ್ಷಗಳೇ ಹಿಡಿಯುತ್ತವೆ. ಹಾಗಾಗಿ ತಂಗಿ ಅಣ್ಣನಿಗಿಂತ ಪ್ರಾಮಾಣಿಕಳೇನಲ್ಲ. ಸುಮ್ನೆ ವಯಸ್ಸಿನಲ್ಲಿ ಚಿಕ್ಕವಳು.

“ಹಂಗಾರ ಬಡಿಬಾರದೇನ್ರಿ?” ಅಜ್ಜಿಗೆ ನನ್ನ ಮಾತು ಅಷ್ಟೇನೂ ಹಿಡಿಸಲಿಲ್ಲ. ಬಡಿದರೆ ಸುಳ್ಳು ಜಾಸ್ತಿಯಾಗುತ್ತದೆ ಎಂದೆ. ತಲ್ವಾರ್ ಮತ್ತು ಕಾಂಗ್ ಲೀ ಎಂಬ ಸಂಶೋಧಕರು ಪಶ್ಚಿಮ ಆಫ್ರಿಕಾದ ಎರಡು ಶಾಲೆಗಳ ಪುಟ್ಟ ಮಕ್ಕಳನ್ನು ಹೋಲಿಸಿ, 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೊಡೆಯುವ ಶಾಲೆಯ ಮಕ್ಕಳೇ ಹೆಚ್ಚು ಸುಳ್ಳು ಹೇಳಿದ್ದವು, ಅದೂ ಸಿಕ್ಕಿಬೀಳದ ಹಾಗೆ. ಹೆದರಿಸುವ ‘ತೋಳ ಬಂತು ತೋಳ’ ಕಥೆಯೂ ಕೆಲಸ ಮಾಡುವುದಿಲ್ಲ. 2014ರ ಇನ್ನೊಂದು ಅಧ್ಯಯನದಲ್ಲಿ, ತಪ್ಪೊಪ್ಪಿಕೊಂಡ ಹುಡುಗನನ್ನು ಅಪ್ಪ ಮೆಚ್ಚುವ ಕಥೆ ಕೇಳಿದ ಮಕ್ಕಳು ಮಾತ್ರ ಹೆಚ್ಚು ನಿಜ ಹೇಳಿದವು.

ಅಂಗಿ ಮೇಲೆ ಕಲೆ ಕಾಣುತ್ತಿರುವಾಗ ‘ಯಾರು ತಿಂದಿದ್ದು’ ಅಂತ ಕೇಳುವುದೇ ಮಗುವನ್ನು ಸುಳ್ಳಿಗೆ ತಳ್ಳಿದಂತೆ. ‘ಉಪ್ಪಿನಕಾಯಿ ಚೆಲ್ಲೈತಿ, ಬಾ ಒರಸೋಣು’ ಅಂದರೆ ಸಾಕು. ಎಂಟು ಹತ್ತು ವರ್ಷವಾದರೂ ಸುಳ್ಳು ನಿಲ್ಲದೆ, ಜೊತೆಗೆ ಕಳವು, ಹೊಡೆದಾಟ ಸೇರಿಕೊಂಡರೆ ಆಗ ತೋರಿಸಬೇಕು.

ಅಜ್ಜಿ ಎದ್ದು ಸೆರಗು ಸರಿ ಮಾಡಿಕೊಂಡರು. “ಆತು ಬಿಡ್ರಿ, ಭರಣಿ ಅಟ್ಟದ ಮ್ಯಾಲ ಇಡತೀನಿ.”