ವಿದೇಶಿ ಲಾ ಫರ್ಮ್‌ನ ಪ್ರೊಫೈಲ್‌ನಲ್ಲಿ ಏನನ್ನು ನೋಡಬೇಕು?

ಪ್ರಶ್ನೆ: ನಮ್ಮದು ಎಚ್‌ಎಸ್‌ಆರ್ ಲೇಔಟ್‌ನಲ್ಲಿರುವ ಸಾಫ್ಟ್‌ವೇರ್ ಕಂಪನಿ. ಸಿಂಗಪುರದ ಫಂಡ್ ಒಂದು ಹಣ ಹೂಡಲು ಒಪ್ಪಿದೆ. ಅವರ ಪರವಾಗಿ ಕರಡು ಕಳಿಸುತ್ತಿರುವುದು ದೊಡ್ಡ ಅಂತರರಾಷ್ಟ್ರೀಯ ಲಾ ಫರ್ಮ್. ವೆಬ್‌ಸೈಟ್ ನೋಡಿದರೆ ಹತ್ತಾರು ದೇಶಗಳಲ್ಲಿ ಆಫೀಸು, ಸಾವಿರಾರು ವಕೀಲರು, ‘ಇಂಡಿಯಾ ಡೆಸ್ಕ್’ ಬೇರೆ. ಬೆಂಗಳೂರಿನ ವಿಳಾಸ ಮಾತ್ರ ಎಲ್ಲೂ ಇಲ್ಲ. ಇಷ್ಟು ದೊಡ್ಡವರು ನೋಡಿಕೊಳ್ಳುತ್ತಿರುವಾಗ ನಾವು ಬೇರೆ ವಕೀಲರನ್ನು ಇಟ್ಟುಕೊಳ್ಳಬೇಕೇ? ಅವರ ಪ್ರೊಫೈಲ್ ಓದಿ ಏನನ್ನು ತಿಳಿಯಬಹುದು?

ಉತ್ತರ: ಇಟ್ಟುಕೊಳ್ಳಲೇಬೇಕು. ಆ ಫರ್ಮ್ ಫಂಡ್‌ನ ಪರ ಇದೆ, ನಿಮ್ಮ ಪರ ಅಲ್ಲ. ಅವರ ಫೀಸನ್ನು ಕೊನೆಗೆ ನಿಮ್ಮ ಕಂಪನಿಯೇ ಕಟ್ಟಬೇಕೆಂದು ಟರ್ಮ್ ಶೀಟ್‌ನಲ್ಲಿ (ಹೂಡಿಕೆಯ ಮುಖ್ಯ ಷರತ್ತುಗಳ ಪತ್ರ) ಬರೆದಿರುವ ಸಾಧ್ಯತೆ ಹೆಚ್ಚು, ಹಾಗಿದ್ದರೂ ಅವರು ನಿಮ್ಮ ವಕೀಲರಾಗುವುದಿಲ್ಲ. ಜೊತೆಗೆ, ಭಾರತದ ಕಾನೂನು ಏನು ಹೇಳುತ್ತದೆ ಎಂದು ಅಭಿಪ್ರಾಯ ಕೊಡುವ ಅಧಿಕಾರ ಅವರಿಗಿಲ್ಲ. ಬೆಂಗಳೂರಿನ ವಿಳಾಸ ಕಾಣದಿರುವುದಕ್ಕೂ ಇದೇ ಕಾರಣ.

1961ರ ಅಡ್ವೊಕೇಟ್ಸ್ ಕಾಯ್ದೆಯ ಪ್ರಕಾರ ಇಲ್ಲಿ ವಕೀಲಿ ಮಾಡಬೇಕಾದರೆ ಯಾವುದಾದರೂ ರಾಜ್ಯದ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿರಬೇಕು. 1990ರ ದಶಕದಲ್ಲಿ ವೈಟ್ ಅಂಡ್ ಕೇಸ್, ಚಾಡ್‌ಬೋರ್ನ್ ಅಂಡ್ ಪಾರ್ಕ್, ಆಶರ್ಸ್ಟ್ ಎಂಬ ಮೂರು ವಿದೇಶಿ ಫರ್ಮ್‌ಗಳು ರಿಸರ್ವ್ ಬ್ಯಾಂಕಿನ ಅನುಮತಿ ಪಡೆದು ಲಿಯಾಸನ್ ಕಚೇರಿ, ಅಂದರೆ ಸಂಪರ್ಕ ಕಚೇರಿ, ತೆರೆದಿದ್ದವು. ಕೋರ್ಟಿಗೆ ಹೋಗದೆ ಬರೀ ಸಲಹೆ ಕೊಡುವುದು, ಕರಡು ಬರೆಯುವುದು ವಕೀಲಿಯಲ್ಲ ಎಂಬುದು ಅವರ ವಾದ. ಅದೂ ವಕೀಲಿಯೇ ಎಂದು 2009ರಲ್ಲಿ ಬಾಂಬೆ ಹೈಕೋರ್ಟ್ ಹೇಳಿತು. 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ತಮ್ಮ ದೇಶದ ಕಾನೂನಿನ ಬಗ್ಗೆ ಸಲಹೆ ಕೊಡಲು ಆಗೊಮ್ಮೆ ಈಗೊಮ್ಮೆ ಬಂದು ಹೋಗುವುದಕ್ಕೆ ಮಾತ್ರ ಅಡ್ಡಿಯಿಲ್ಲ ಎಂದಿತು. 2023ರ ಮಾರ್ಚ್‌ನಲ್ಲಿ ಭಾರತೀಯ ವಕೀಲರ ಪರಿಷತ್ತು ವಿದೇಶಿ ಫರ್ಮ್‌ಗಳ ನೋಂದಣಿಗೆ ನಿಯಮ ತಂದು, 2025ರ ಮೇ ತಿಂಗಳಲ್ಲಿ ತಿದ್ದಿತು. ಆ ನಿಯಮದಲ್ಲಿ ಫರ್ಮ್‌ಗೆ ನೋಂದಣಿ ಶುಲ್ಕವೇ 50,000 ಡಾಲರ್. ಅಷ್ಟು ಕೊಟ್ಟರೂ ಸಿಗುವುದು ವಿದೇಶಿ ಕಾನೂನು, ಅಂತರರಾಷ್ಟ್ರೀಯ ಕಾನೂನು ಮತ್ತು ಅಂತರರಾಷ್ಟ್ರೀಯ ಮಧ್ಯಸ್ಥಿಕೆಯ ಕೆಲಸ. ಕೋರ್ಟು, ಟ್ರಿಬ್ಯೂನಲ್, ಆಸ್ತಿ ವರ್ಗಾವಣೆ, ಟೈಟಲ್ ಪರಿಶೀಲನೆ ಇವೆಲ್ಲ ಹೊರಗೆ. ನೋಂದಣಿ ಇಲ್ಲದೆ ಬಂದು ಹೋಗುವವರಿಗೆ 12 ತಿಂಗಳಲ್ಲಿ 60 ದಿನದ ಮಿತಿ.

ಹಾಗಾದರೆ ‘ಇಂಡಿಯಾ ಡೆಸ್ಕ್’ ಎಂದರೇನು? ಲಂಡನ್, ಸಿಂಗಪುರ ಅಥವಾ ನ್ಯೂಯಾರ್ಕಿನಲ್ಲಿ ಕೂತು ಭಾರತಕ್ಕೆ ಸಂಬಂಧಿಸಿದ ವ್ಯವಹಾರ ನೋಡುವ ತಂಡ. ನಮ್ಮ ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಓದಿದವರೂ ಅಂಥ ತಂಡಗಳಲ್ಲಿ ಸಿಗುತ್ತಾರೆ. ನಿಮ್ಮ ಕರೆಯಲ್ಲಿ ಒಬ್ಬರು ಕನ್ನಡದಲ್ಲೇ ಮಾತಾಡಿದರೂ ಆಶ್ಚರ್ಯವಿಲ್ಲ. ಆದರೆ ಅವರು ಅಲ್ಲಿ ಕೆಲಸ ಮಾಡುವುದು ಇಂಗ್ಲಿಷ್ ಅಥವಾ ನ್ಯೂಯಾರ್ಕ್ ಕಾನೂನಿನ ವಕೀಲರಾಗಿ. ಭಾರತದ ಭಾಗಕ್ಕೆ ಫಂಡ್ ಇಲ್ಲಿನದೇ ಒಂದು ಫರ್ಮನ್ನು ಸೇರಿಸಿಕೊಂಡಿರುತ್ತದೆ. ಅದು ಯಾವುದು ಎಂದು ಮೊದಲ ದಿನವೇ ಕೇಳಿಬಿಡಿ.

ಈಗ ಪ್ರೊಫೈಲ್ ವಿಷಯ. ಆಫೀಸುಗಳ ಸಂಖ್ಯೆ ನೋಡಿ ಮರುಳಾಗಬೇಡಿ. ಬೇಕರ್ ಮೆಕೆಂಜಿ, ಡೆಂಟನ್ಸ್ ಮುಂತಾದವು ಸ್ವಿಸ್ ಫೆರೈನ್ ಎಂಬ ರಚನೆಯಲ್ಲಿ ಬೆಳೆದವು. ಅದರಲ್ಲಿ ಹೆಸರು, ಬ್ರಾಂಡು ಒಂದೇ, ಆದರೆ ಒಂದೊಂದು ದೇಶದ ಅಥವಾ ಪ್ರದೇಶದ ಫರ್ಮ್ ಕಾನೂನಿನ ಪ್ರಕಾರ ಪ್ರತ್ಯೇಕ ಸಂಸ್ಥೆ. ಒಬ್ಬರ ಸಾಲಕ್ಕೆ ಇನ್ನೊಬ್ಬರು ಹೊಣೆಯಲ್ಲ. 2017ರ ಜನವರಿಯಲ್ಲಿ ಕಿಂಗ್ ಅಂಡ್ ವುಡ್ ಮ್ಯಾಲೆಸನ್ಸ್‌ನ ಯುರೋಪ್ ಶಾಖೆ ದಿವಾಳಿಯಾಗಿ ಆಡಳಿತಾಧಿಕಾರಿಗಳ ಕೈಗೆ ಹೋದಾಗ ಅದೇ ಹೆಸರಿನ ಚೀನಾ, ಆಸ್ಟ್ರೇಲಿಯಾ ಫರ್ಮ್‌ಗಳು ಯಥಾಪ್ರಕಾರ ನಡೆದವು. ಇನ್ನೊಂದು ತುದಿಯಲ್ಲಿ ಸ್ಲಾಟರ್ ಅಂಡ್ ಮೇ ಇದೆ. ಲಂಡನ್ನಿನ ಅತ್ಯಂತ ಪ್ರತಿಷ್ಠಿತ ಐದು ಫರ್ಮ್‌ಗಳಲ್ಲಿ ಒಂದು, ಆದರೆ ಆಫೀಸುಗಳು ಬೆರಳೆಣಿಕೆಯಷ್ಟೇ. ಉಳಿದ ದೇಶಗಳಲ್ಲಿ ಆಯಾ ಊರಿನ ಒಳ್ಳೆಯ ಫರ್ಮ್‌ಗಳ ಜೊತೆ ಕೆಲಸ ಮಾಡುತ್ತದೆ. ಆದ್ದರಿಂದ ಪುಟದ ಕೆಳತುದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ‘ಲೀಗಲ್ ನೋಟೀಸ್’ ಓದಿ. ನಿಮಗೆ ಇಮೇಲ್ ಕಳಿಸುತ್ತಿರುವುದು ಯಾವ ದೇಶದಲ್ಲಿ ನೋಂದಾಯಿತವಾದ ಯಾವ ಸಂಸ್ಥೆ ಎಂಬುದು ಅಲ್ಲಿರುತ್ತದೆ. ಭಾರತದ ಫರ್ಮ್ ಒಂದು ವಿದೇಶಿ ಬ್ರಾಂಡಿನ ಜೊತೆ ಕೈಜೋಡಿಸಿದ್ದರೆ ಇನ್ನೂ ಎಚ್ಚರ ಬೇಕು. ಇಂಥ ಜೋಡಣೆಗಳ ಬಗ್ಗೆ ವಕೀಲರ ಪರಿಷತ್ತು 2025ರ ಆಗಸ್ಟ್‌ನಲ್ಲಿ ಪ್ರಕಟಣೆಯನ್ನೇ ಹೊರಡಿಸಿತ್ತು.

ಅತಿ ಮುಖ್ಯವಾದದ್ದು ವಕೀಲರ ವೈಯಕ್ತಿಕ ಪುಟ. ಫೋಟೊ, ಪದವಿ, ಪ್ರಶಂಸೆಯ ಸಾಲುಗಳೆಲ್ಲ ಮುಗಿದ ಮೇಲೆ ಕೆಳಗೆಲ್ಲೋ ‘ಅಡ್ಮಿಟೆಡ್’ ಅಥವಾ ‘ಕ್ವಾಲಿಫೈಡ್’ ಎಂಬ ಒಂದು ಸಾಲು ಇರುತ್ತದೆ: ಇಂಗ್ಲೆಂಡ್ ಮತ್ತು ವೇಲ್ಸ್, 2014, ನ್ಯೂಯಾರ್ಕ್, 2016, ಹೀಗೆ. ಆ ವ್ಯಕ್ತಿ ಯಾವ ಕಾನೂನಿನ ಬಗ್ಗೆ ಸಹಿ ಹಾಕಬಲ್ಲರು ಎಂಬುದು ಅಷ್ಟರಲ್ಲೇ ತಿಳಿಯುತ್ತದೆ. ಇಲ್ಲಿನ ವಕೀಲರಾದರೆ ನೋಂದಣಿ ಸಂಖ್ಯೆ ಕೇಳಿ. ಕರ್ನಾಟಕದಲ್ಲಿ ನೋಂದಾಯಿಸಿದವರದು ‘ಕೆಎಆರ್’ ಎಂದು ಶುರುವಾಗಿ, ಸಂಖ್ಯೆ ಮತ್ತು ವರ್ಷದೊಂದಿಗೆ ಮುಗಿಯುತ್ತದೆ. ಕೇಳಿದ್ದಕ್ಕೆ ಯಾರೂ ಬೇಸರಪಡುವುದಿಲ್ಲ. ‘ಪಾರ್ಟ್ನರ್’ ಎಂದ ಮಾತ್ರಕ್ಕೆ ಫರ್ಮ್‌ನ ಮಾಲೀಕರು ಎಂದೂ ಅಲ್ಲ: ಲಾಭದಲ್ಲಿ ಪಾಲು ಇರುವವರು ಈಕ್ವಿಟಿ ಪಾರ್ಟ್ನರ್, ಸಂಬಳದವರು ಬೇರೆ. ಮೊದಲ ಕರೆಗೆ ಬರುವ ಪಾರ್ಟ್ನರ್ ಆಮೇಲೆ ಕಾಣಿಸದೆ, ಕರಡೆಲ್ಲ ಎರಡು ಮೂರು ವರ್ಷ ಅನುಭವದ ಅಸೋಸಿಯೇಟ್ (ಕಿರಿಯ ವಕೀಲ) ಕೈಯಲ್ಲಿ ನಡೆಯುವುದು ಮಾಮೂಲು.

ರ‍್ಯಾಂಕಿಂಗ್‌ಗಳಿಗೆ ತುಸು ಬೆಲೆ ಕೊಡಬಹುದು, ಹೆಚ್ಚಲ್ಲ. ಚೇಂಬರ್ಸ್, ಲೀಗಲ್ 500 ಮುಂತಾದವುಗಳಿಗೆ ಫರ್ಮ್‌ಗಳೇ ತಮ್ಮ ಕೆಲಸದ ವಿವರ ಮತ್ತು ಕಕ್ಷಿದಾರರ ಹೆಸರು ಕಳಿಸುತ್ತವೆ. ಸ್ಥಾನ ಸಿಗುವುದು ಒಂದು ದೇಶದ ಒಂದು ವಿಭಾಗಕ್ಕೆ. ಬ್ಯಾಂಕಿಂಗ್‌ನಲ್ಲಿ ಮೊದಲ ಸಾಲಿನಲ್ಲಿರುವ ಫರ್ಮ್ ಸ್ಟಾರ್ಟಪ್ ಹೂಡಿಕೆಯಲ್ಲಿ ಪಟ್ಟಿಯಲ್ಲೇ ಇಲ್ಲದಿರಬಹುದು. ಪಾರ್ಟ್ನರ್ ತಲಾ ಲಾಭ ಎಷ್ಟು ಎಂಬ ಅಂಕಿ ಆ ಫರ್ಮ್ ಸೇರಲು ಹೊರಟವರಿಗೆ ಬೇಕು, ನಿಮಗಲ್ಲ.

ನಮ್ಮ ಫರ್ಮ್‌ಗಳ ವೆಬ್‌ಸೈಟ್ ತೆರೆದರೆ ಮೊದಲು ಒಂದು ಒಪ್ಪಿಗೆಯ ಕಿಟಕಿ ಎದುರಾಗುತ್ತದೆ: ‘ಇದು ಜಾಹೀರಾತಲ್ಲ, ನಾನೇ ಮಾಹಿತಿ ಬಯಸಿ ಬಂದಿದ್ದೇನೆ’. ವಕೀಲರು ಜಾಹೀರಾತು ಕೊಡುವುದನ್ನು ಪರಿಷತ್ತಿನ 36ನೇ ನಿಯಮ ತಡೆಯುತ್ತದೆ, 2008ರ ಬಳಿಕ ಸೀಮಿತ ವಿವರವಿರುವ ವೆಬ್‌ಸೈಟಿಗೆ ಅವಕಾಶ ಸಿಕ್ಕಿದೆ. ಹಾಗಾಗಿ ಲ್ಯಾವೆಲ್ಲೆ ರಸ್ತೆಯ ಫರ್ಮ್‌ನ ಪುಟ ಸಪ್ಪೆಯಾಗಿ, ಲಂಡನ್ನಿನದು ಝಗಮಗವಾಗಿ ಕಂಡರೆ ಅದರಿಂದ ಯೋಗ್ಯತೆ ಅಳೆಯಬೇಡಿ.

ನಿಮ್ಮ ವಕೀಲರು ಎಲ್ಲಿ ಉಪಯೋಗಕ್ಕೆ ಬರುತ್ತಾರೆ ಎಂಬುದು ಕರಡಿನಲ್ಲಿ ಗೊತ್ತಾಗುತ್ತದೆ. ಸಿಂಗಪುರದ ಅಥವಾ ಅಮೆರಿಕದ ಮಾದರಿಯಿಂದ ಬಂದ ಕರಡಿನಲ್ಲಿ ‘ರಿಡೀಮಬಲ್’ (ಹಣ ಮರಳಿಸಿ ಹಿಂಪಡೆಯಬಹುದಾದ) ಪ್ರಿಫರೆನ್ಸ್ ಷೇರು ಇದ್ದರೆ ಅಲ್ಲೇ ನಿಲ್ಲಿ. ಫೆಮಾ (ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ) ನಿಯಮದಲ್ಲಿ ವಿದೇಶಿ ನೇರ ಹೂಡಿಕೆ ಎನಿಸಿಕೊಳ್ಳುವುದು ಈಕ್ವಿಟಿಗೆ ಕಡ್ಡಾಯವಾಗಿ ಬದಲಾಗುವ ಪ್ರಿಫರೆನ್ಸ್ ಷೇರು, ಅಂದರೆ ಸಿಸಿಪಿಎಸ್. ಮರಳಿಸಬಹುದಾದದ್ದು ಅಥವಾ ಐಚ್ಛಿಕವಾಗಿ ಬದಲಾಗುವುದು ಸಾಲದ ಲೆಕ್ಕಕ್ಕೆ ಹೋಗುತ್ತದೆ, ಆಗ ವಿದೇಶಿ ಸಾಲದ ನಿಯಮಗಳೆಲ್ಲ ಮೈಮೇಲೆ ಬರುತ್ತವೆ. ಸಿಸಿಪಿಎಸ್‌ಗೂ ಪರಿವರ್ತನೆಯ ಬೆಲೆ ಅಥವಾ ಸೂತ್ರ ಹಂಚಿಕೆಗೆ ಮುಂಚೆಯೇ ನಿಗದಿಯಾಗಿರಬೇಕು. ‘ಐದು ವರ್ಷದ ನಂತರ ಇಷ್ಟೇ ಲಾಭ ಸೇರಿಸಿ ಷೇರು ಮರಳಿ ಕೊಳ್ಳಬೇಕು’ ಎಂಬ ಪುಟ್ ಆಪ್ಷನ್ ಕೂಡ ಹಾಗೆಯೇ: ವಿದೇಶಿ ಹೂಡಿಕೆದಾರರಿಗೆ ನಿರ್ಗಮನದ ಬೆಲೆಯನ್ನು ಮೊದಲೇ ಖಾತ್ರಿಪಡಿಸುವಂತಿಲ್ಲ. ಕಂಪನಿ ಬಿಟ್ಟ ಸಂಸ್ಥಾಪಕ ಎರಡು ವರ್ಷ ಅದೇ ಉದ್ಯೋಗ ಮಾಡಬಾರದು ಎಂಬ ಷರತ್ತು 1872ರ ಕರಾರು ಕಾಯ್ದೆಯ 27ನೇ ಕಲಮಿನ ಮುಂದೆ ನಿಲ್ಲುವುದು ಕಷ್ಟ. ಇನ್ನು ಷೇರುದಾರರ ಒಪ್ಪಂದದಲ್ಲಿರುವ ಹಕ್ಕುಗಳನ್ನು ಕಂಪನಿಯ ಆರ್ಟಿಕಲ್ಸ್‌ಗೆ (ಕಂಪನಿಯ ಆಂತರಿಕ ನಿಯಮಾವಳಿ) ಸೇರಿಸದಿದ್ದರೆ ಕಂಪನಿಯ ಮೇಲೆ ಅವನ್ನು ಜಾರಿ ಮಾಡುವುದು ತಕರಾರಾಗುತ್ತದೆ.

ದಿನಾಂಕಗಳನ್ನು ನಿಮ್ಮ ಕಂಪನಿ ಸೆಕ್ರೆಟರಿಯ ಮೇಜಿನ ಮೇಲೆ ಅಂಟಿಸಿ. ಹಣ ಪ್ರತ್ಯೇಕ ಬ್ಯಾಂಕ್ ಖಾತೆಗೆ ಬರಬೇಕು. ಬಂದ 60 ದಿನದೊಳಗೆ ಷೇರು ಹಂಚಬೇಕು, ಆಗದಿದ್ದರೆ ಮುಂದಿನ 15 ದಿನದಲ್ಲಿ ಮರಳಿಸಬೇಕು, ಅದೂ ತಪ್ಪಿದರೆ ಶೇ. 12 ಬಡ್ಡಿ. ಹಂಚಿಕೆಯಾದ 15 ದಿನದೊಳಗೆ ಕಂಪನಿ ರಿಜಿಸ್ಟ್ರಾರ್‌ಗೆ ಹಂಚಿಕೆಯ ವಿವರ ಕೊಡುವ ಪಿಎಎಸ್-3 ನಮೂನೆ, 30 ದಿನದೊಳಗೆ ರಿಸರ್ವ್ ಬ್ಯಾಂಕಿಗೆ ವಿದೇಶಿ ಹೂಡಿಕೆಯ ವರದಿಯಾದ ಎಫ್‌ಸಿ-ಜಿಪಿಆರ್. ಪಿಎಎಸ್-3 ಸಲ್ಲಿಸುವ ತನಕ ಆ ಹಣ ಮುಟ್ಟುವ ಹಾಗಿಲ್ಲ. ಹಣ ಬಂದ ವಾರದಲ್ಲೇ ಸಂಬಳಕ್ಕೆ ತೆಗೆದುಬಿಡುವುದು ಸಾಮಾನ್ಯವಾಗಿ ಆಗುವ ತಪ್ಪು. ಇನ್ನೊಂದು ಎಡವಟ್ಟು ಸ್ಟಾಂಪ್ ಡ್ಯೂಟಿಯದು. ಸಿಂಗಪುರದಿಂದ ರಾತ್ರಿ ಹನ್ನೊಂದಕ್ಕೆ ‘ಈಗಲೇ ಸಹಿ ಮಾಡಿ’ ಎಂದು ಇ-ಸೈನ್ ಲಿಂಕ್ ಬರುತ್ತದೆ. ಇ-ಸ್ಟಾಂಪ್ ಅಂಟಿಸಿರುವುದಿಲ್ಲ. ಬೆಂಗಳೂರಿನಲ್ಲಿ ಸಹಿಯಾಗುವ ಪತ್ರಕ್ಕೆ ಸಹಿಗೆ ಮೊದಲು ಅಥವಾ ಸಹಿಯ ಹೊತ್ತಿಗೆ ಸ್ಟಾಂಪ್ ಆಗಿರಬೇಕು. ಕೋರ್ಟ್ ಮೆಟ್ಟಿಲೇರಿದಾಗ ಕೊರತೆ ಸಿಕ್ಕಿಬಿದ್ದರೆ ಕರ್ನಾಟಕ ಸ್ಟಾಂಪ್ ಕಾಯ್ದೆಯಡಿ ಹತ್ತು ಪಟ್ಟು ದಂಡ. ಪೂರ್ತಿ ಹೊರದೇಶದಲ್ಲೇ ಸಹಿಯಾದ ಪತ್ರಕ್ಕಾದರೆ ಇಲ್ಲಿ ಕೈಸೇರಿದ ಮೂರು ತಿಂಗಳ ಅವಕಾಶವಿದೆ.

ಕೊನೆಗೆ ಫೀಸು. ಈ ಫರ್ಮ್‌ಗಳು ಸಮಯವನ್ನು ಆರು ನಿಮಿಷದ ಯೂನಿಟ್‌ನಲ್ಲಿ ಬರೆದಿಡುತ್ತವೆ, ಗಂಟೆಗೆ ಹತ್ತು ಯೂನಿಟ್. ನಿಮ್ಮ ಎರಡು ಸಾಲಿನ ಇಮೇಲ್ ಓದಿದ್ದೂ ಒಂದು ಯೂನಿಟ್. ಲಂಡನ್ನಿನ ಮೊದಲ ಸಾಲಿನ ಪಾರ್ಟ್ನರ್‌ಗಳ ದರ ಗಂಟೆಗೆ 1,000 ಪೌಂಡ್ ದಾಟಿ ವರ್ಷಗಳೇ ಆದವು. ಆದ್ದರಿಂದ ‘ಹೂಡಿಕೆದಾರರ ಕಾನೂನು ವೆಚ್ಚ ಕಂಪನಿಯದು’ ಎಂಬ ಸಾಲಿನ ಪಕ್ಕದಲ್ಲಿ ಗರಿಷ್ಠ ಮೊತ್ತವನ್ನು ಅಂಕಿಯಲ್ಲಿ ಬರೆಸಿ. ಆ ಮೊತ್ತದಲ್ಲಿ ತೆರಿಗೆ ಮತ್ತು ಇತರ ಖರ್ಚು ಸೇರಿದೆಯೇ, ವ್ಯವಹಾರ ಮುರಿದುಬಿದ್ದರೆ ಯಾರು ಕೊಡಬೇಕು ಎಂಬುದನ್ನೂ ಬರೆಸಿ. ವಿದೇಶಿ ಫರ್ಮ್ ನೇರವಾಗಿ ನಿಮ್ಮ ಕಂಪನಿಯ ಹೆಸರಿಗೆ ಬಿಲ್ ಹಾಕಿದರೆ ರಿವರ್ಸ್ ಚಾರ್ಜ್‌ನಲ್ಲಿ (ಸೇವೆ ಪಡೆದವರೇ ತೆರಿಗೆ ಕಟ್ಟುವ ಪದ್ಧತಿ) ಶೇ. 18 ಐಜಿಎಸ್‌ಟಿ ನಿಮ್ಮ ತಲೆಗೆ ಬರುತ್ತದೆ, ಹಣ ಕಳಿಸುವ ಮುನ್ನ ಟಿಡಿಎಸ್ ಪ್ರಶ್ನೆಯೂ ಏಳುತ್ತದೆ. ಬಿಲ್ ಯಾರ ಹೆಸರಿಗೆ ಬರಲಿದೆ ಎಂದು ಟರ್ಮ್ ಶೀಟ್‌ಗೆ ಸಹಿ ಹಾಕುವ ಮೊದಲೇ ನಿಮ್ಮ ಆಡಿಟರ್‌ಗೆ ತಿಳಿಸಿ.