ದೊಡ್ಡ ಪಿಸ್ಟನ್ ಹಾಕಿಸಿದರೆ ಹಳೆಯ ಬುಲೆಟ್ ಘಟ್ಟ ಹತ್ತುತ್ತದೆಯೇ?

ಪ್ರಶ್ನೆ: ನಮ್ಮ ತಂದೆಯವರು 1994ರಲ್ಲಿ ಕೊಂಡ ಬುಲೆಟ್ 350 ಈಗ ನನ್ನ ಬಳಿ ಇದೆ. ದಾವಣಗೆರೆಯಿಂದ ಉಡುಪಿಗೆ ಪತ್ನಿಯ ಜೊತೆ ಹೋಗಿ ಬರುವಾಗ ಆಗುಂಬೆ ಘಟ್ಟದಲ್ಲಿ ಗಾಡಿ ಎಳೆಯುವುದೇ ಇಲ್ಲ. ಎರಡನೇ ಗೇರ್‌ನಲ್ಲೂ ಏದುಸಿರು ಬಿಡುತ್ತದೆ. ದೊಡ್ಡ ಪಿಸ್ಟನ್ ಹಾಕಿಸಿ, ಹೊಗೆಯನ್ನು ತಡೆಯಿಲ್ಲದೆ ಹೊರಬಿಡುವ ಫ್ರೀ ಫ್ಲೋ ಸೈಲೆನ್ಸರ್ ಕೂರಿಸಿದರೆ ಶಕ್ತಿ ಹೆಚ್ಚುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಮಾಡಿಸಲೇ?

ಉತ್ತರ: ಹಳೆಯ ಬುಲೆಟ್ ಇರುವ ಮನೆಗಳಲ್ಲಿ ಈ ಪ್ರಶ್ನೆ ಏಳದ ವರ್ಷವಿಲ್ಲ. ಹಾಗಾಗಿ ನೇರವಾಗಿ ಹೇಳುತ್ತೇನೆ: ಈಗಲೇ ಮಾಡಿಸಬೇಡಿ. ಈ ಇಂಜಿನ್‌ಗೆ ಕಂಪನಿ ಹೇಳಿದ್ದು 18 ಅಶ್ವಶಕ್ತಿ. ಮೂವತ್ತು ವರ್ಷ ದುಡಿದ ನಿಮ್ಮ ಗಾಡಿಯಲ್ಲಿ ಅಷ್ಟೂ ಉಳಿದಿರುವ ಸಾಧ್ಯತೆ ಬಹಳ ಕಡಿಮೆ. ಸೋರಿಹೋದದ್ದನ್ನು ಮೊದಲು ವಾಪಸು ಪಡೆಯಿರಿ. ಘಟ್ಟದಲ್ಲಿ ನಿಮಗೆ ಬೇಕಾಗಿರುವುದರ ಬಹುಪಾಲು ಅದರಲ್ಲೇ ಸಿಗುತ್ತದೆ.

ಪಿಸ್ಟನ್ ವಿಷಯವನ್ನೇ ತೆಗೆದುಕೊಳ್ಳೋಣ. ನಿಮ್ಮ ಇಂಜಿನ್‌ನ ಬೋರ್ (ಸಿಲಿಂಡರ್‌ನ ಒಳ ಅಗಲ) 70 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 90 ಮಿ.ಮೀ., ಒಟ್ಟು 346 ಸಿಸಿ. ಅಂಗಡಿಯಲ್ಲಿ ‘ದೊಡ್ಡ ಪಿಸ್ಟನ್’ ಎಂದು ಕೊಡುವುದು ಓವರ್‌ಸೈಜ್ ಪಿಸ್ಟನ್. ಪೂರ್ತಿ ಒಂದು ಮಿಲಿಮೀಟರ್ ದೊಡ್ಡದನ್ನು ಹಾಕಿದರೂ ಆಗುವುದು 356 ಸಿಸಿ, ಶೇ 3ಕ್ಕೂ ಕಡಿಮೆ ಏರಿಕೆ. ಆದರೂ ಬೋರ್ ಮಾಡಿಸಿಕೊಂಡು, ಅಂದರೆ ಸಿಲಿಂಡರ್ ಕೊರೆಸಿಕೊಂಡು ಬಂದವರು ‘ಗಾಡಿ ಹೊಸದಾಯಿತು’ ಎನ್ನುವುದು ಸುಳ್ಳಲ್ಲ. ಆ ಬದಲಾವಣೆ ತಂದದ್ದು ಹತ್ತು ಸಿಸಿಯಲ್ಲ. ಸವೆದ ಸಿಲಿಂಡರ್ ಮತ್ತೆ ದುಂಡಗಾಗಿದೆ, ಪಿಸ್ಟನ್ ಸುತ್ತಲಿನ ಹೊಸ ರಿಂಗ್‌ಗಳು ಒತ್ತಡವನ್ನು ಹಿಡಿದಿಟ್ಟಿವೆ.

ನಿಮ್ಮ ಗಾಡಿಗೆ ಬೋರ್ ಬೇಕೋ ಬೇಡವೋ ಎಂದು ಬಿಚ್ಚುವ ಮೊದಲೇ ತಿಳಿಯಬಹುದು. ಸ್ಪಾರ್ಕ್ ಪ್ಲಗ್ ತೆಗೆದು ಆ ಜಾಗಕ್ಕೆ ಕಂಪ್ರೆಷನ್ ಗೇಜ್ (ಒತ್ತಡ ಅಳೆಯುವ ಮಾಪಕ) ಹಾಕಿ, ಥ್ರಾಟಲ್ ಪೂರ್ತಿ ತಿರುಗಿಸಿಟ್ಟು, ಮುಳ್ಳು ನಿಲ್ಲುವ ತನಕ ಕಿಕ್ ಹೊಡೆಯಿರಿ. ಅಂಕಿ ಬರೆದುಕೊಳ್ಳಿ. ಬಳಿಕ ಪ್ಲಗ್ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಚೆನ್ನಾಗಿ ಏರಿದರೆ ರಿಂಗ್ ಮತ್ತು ಸಿಲಿಂಡರ್ ಸವೆದಿವೆ ಎಂದರ್ಥ. ಮೊದಲ ಅಂಕಿಯೇ ಕಡಿಮೆಯಿದ್ದು, ಆಯಿಲ್ ಬಿಟ್ಟರೂ ಏರದಿದ್ದರೆ ವಾಲ್ವ್‌ಗಳು ಸೀಟಿನ ಮೇಲೆ ಸರಿಯಾಗಿ ಕೂರುತ್ತಿಲ್ಲ. ಕಿಕ್ ಹಗುರಾಗಲೆಂದು ಒತ್ತಡ ಬಿಡುವ ಡಿಕಂಪ್ರೆಸರ್ ಸೋರುತ್ತಿದ್ದರೂ ಹೀಗೆಯೇ ಆಗುತ್ತದೆ. ಎಷ್ಟೋ ಜನ ಅದರ ಕಡೆ ನೋಡುವುದೇ ಇಲ್ಲ.

ಬಿಚ್ಚಲೇಬೇಕಾದರೆ ಆ ದಿನ ನೀವೇ ಹೋಗಿ ನಿಲ್ಲಿ. ಬ್ಯಾರಲ್ (ಸಿಲಿಂಡರ್ ಇರುವ ಭಾಗ) ಹೊರಬಂದ ಮೇಲೆ ಸಿಲಿಂಡರ್‌ನ ಒಳಗೋಡೆಯ ಮೇಲ್ತುದಿಯಲ್ಲಿ ಬೆರಳುಗುರು ಆಡಿಸಿ ನೋಡಿ. ಒಂದು ಕಡೆ ಉಗುರು ತಡೆಯುತ್ತದೆ. ರಿಂಗ್ ಮುಟ್ಟದ ಅಂಚು ಹಾಗೆಯೇ ಉಳಿದು, ಅದರ ಕೆಳಗಿನ ಭಾಗ ಸವೆದು ಆದ ಸಣ್ಣ ಮೆಟ್ಟಿಲು ಅದು. ಬೋರ್ ಗೇಜ್ ಇಳಿಸಿ ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ ಅಳತೆ ತೆಗೆಯಬೇಕು. ಪಿಸ್ಟನ್ ಹಿಂದುಮುಂದಿನ ಗೋಡೆಗೆ ಒರಗಿಕೊಂಡು ಓಡುವುದರಿಂದ ಆ ದಿಕ್ಕಿನಲ್ಲಿ ಹೆಚ್ಚು ಸವೆದು ಸಿಲಿಂಡರ್ ಮೊಟ್ಟೆಯ ಆಕಾರಕ್ಕೆ ತಿರುಗಿರುತ್ತದೆ. ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ದಶಕಗಳ ಕಾಲ ಲೇತ್‌ಗಳು ತಯಾರಾದ ಸೀಮೆ ನಮ್ಮದು. ಅಳತೆ ಬಲ್ಲ ಕೈಗಳಿಗೆ ಇಲ್ಲಿ ಬರವಿಲ್ಲ. ಅಳೆಯದೆ, ಪಿಸ್ಟನ್ ಅಲ್ಲಾಡಿಸಿ ನೋಡಿ ‘ಬೋರ್ ಮಾಡಿಬಿಡೋಣ’ ಎನ್ನುವವರಿಗೆ ಮಾತ್ರ ಬ್ಯಾರಲ್ ಕೊಡಬೇಡಿ. ಹೊಸ ಪಿಸ್ಟನ್ ತಂದು ಮಿಸ್ತ್ರಿಯ ಕೈಗಿತ್ತ ಮೇಲೆಯೇ ಕೊರೆಯುವ ಕೆಲಸ ಶುರುವಾಗಬೇಕು, ಏಕೆಂದರೆ ಆ ಪಿಸ್ಟನ್‌ನ ಅಳತೆಗೇ ಸಿಲಿಂಡರ್ ಹೊಂದಬೇಕು.

ಇನ್ನು ಕಡಿಮೆ ಖರ್ಚಿನ ಸೋರಿಕೆಗಳು. ಇಂಜಿನ್ ತಣ್ಣಗಿದ್ದಾಗ, ಪಿಸ್ಟನ್ ಕಂಪ್ರೆಷನ್‌ನ ತುದಿಯಲ್ಲಿದ್ದಾಗ, ವಾಲ್ವ್ ತೆರೆಯುವ ಪುಶ್‌ರಾಡ್ ಬೆರಳಿನಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಕಿಡಿ ಹಾರಿಸುವ ಪಾಯಿಂಟ್‌ನ ಅಂತರ 0.35ರಿಂದ 0.40 ಮಿ.ಮೀ. ಇರಲಿ. ಅದರ ಹಿಂದಿರುವ, ಇಂಜಿನ್ ವೇಗ ಹೆಚ್ಚಿದಂತೆ ಕಿಡಿಯನ್ನು ಬೇಗ ಹಾರಿಸುವ ಅಡ್ವಾನ್ಸ್ ತೂಕಗಳು ಜಿಡ್ಡುಗಟ್ಟಿ ನಿಂತಿದ್ದರೆ ಇಂಜಿನ್ ಎಷ್ಟು ತಿರುಗಿದರೂ ಕಿಡಿ ತಡವಾಗಿಯೇ ಹಾರುತ್ತದೆ. ಘಟ್ಟದಲ್ಲಿ ಗಾಡಿ ಬಿಸಿಯಾಗಿ ಸೋಲುವುದಕ್ಕೆ ಇದೊಂದೇ ಸಾಕು. ಗೇರ್‌ಬಾಕ್ಸ್ ಸ್ಪ್ರಾಕೆಟ್‌ನ ಹಲ್ಲುಗಳನ್ನು ತಪ್ಪದೆ ಎಣಿಸಿ. ಹೆದ್ದಾರಿಯಲ್ಲಿ ಹಗುರವಾಗಿ ಓಡಲಿ ಎಂದು ಯಾರೋ ಎಂದೋ 16 ಹಲ್ಲಿನದನ್ನು ತೆಗೆದು 18ರದ್ದನ್ನು ಹಾಕಿದ್ದರೆ, ಹಿಂದಿನ ಚಕ್ರಕ್ಕೆ ತಲುಪುವ ಎಳೆತ ಶೇ 11ರಷ್ಟು ಕುಸಿದಿರುತ್ತದೆ. ಅಷ್ಟನ್ನು ಇಂಜಿನ್‌ನಿಂದ ಗಳಿಸಲು ಹೊರಟರೆ ಕೈ ಖಾಲಿಯಾಗುತ್ತದೆ. ಸ್ಪ್ರಾಕೆಟ್ ಬದಲಿಸಲು ಒಂದು ದಿನ ಸಾಕು.

ಪೆಟ್ರೋಲ್‌ಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥನಾಲ್‌ಗೆ ಸುಮಾರು 9 ಕಿಲೋ ಸಾಕು. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಅಂದರೆ 1994ರ ಜೆಟ್ (ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತು) ಇಂದಿನ ಇಂಧನವನ್ನು ಅಗತ್ಯಕ್ಕಿಂತ ಕಡಿಮೆ ಕೊಡುತ್ತಿದೆ, ಮಿಶ್ರಣ ತೆಳುವಾಗುತ್ತಿದೆ. ತೆಳು ಮಿಶ್ರಣದಲ್ಲಿ ಇಂಜಿನ್ ಬಿಸಿಯಾಗುತ್ತದೆ, ಎಳೆತ ತಗ್ಗುತ್ತದೆ. ಹಳೆಯ ರಬ್ಬರ್ ವಾಷರ್‌ಗಳು, ಪೈಪುಗಳು ಎಥನಾಲ್‌ನಲ್ಲಿ ಉಬ್ಬುತ್ತವೆ, ಬಿರಿಯುತ್ತವೆ, ಜೆಟ್ ಜೊತೆಗೆ ಅವನ್ನೂ ಬದಲಿಸಿ.

ಫ್ರೀ ಫ್ಲೋ ಸೈಲೆನ್ಸರ್ ಈ ತೆಳುವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಇದನ್ನು ನಾನು ರಸ್ತೆಯ ಮೇಲೆಯೇ ಕಲಿತೆ. ಕೆಲವು ವರ್ಷಗಳ ಹಿಂದೆ ನನ್ನ ಗಾಡಿಗೆ ಅಂಥದ್ದನ್ನು ಹಾಕಿಸಿದೆ, ಮೇನ್ ಜೆಟ್ ಬದಲಿಸಲಿಲ್ಲ. ಏಪ್ರಿಲ್‌ನ ಒಂದು ಮಧ್ಯಾಹ್ನ ಚಿತ್ರದುರ್ಗ ದಾಟಿ ಹಿರಿಯೂರಿನ ಕಡೆ ಹೋಗುತ್ತಿದ್ದಾಗ, ಹಿಂದಿನಿಂದ ಯಾರೋ ಗಾಡಿಯನ್ನು ಹಿಡಿದು ಎಳೆದಂತಾಯಿತು. ಥ್ರಾಟಲ್ ತಿರುಗಿಸಿದಷ್ಟೂ ವೇಗ ಕುಸಿಯಿತು. ಕ್ಲಚ್ ಹಿಡಿಯುವಷ್ಟರಲ್ಲಿ ಹಿಂದಿನ ಚಕ್ರ ಒಂದು ಕ್ಷಣ ಕಚ್ಚಿಕೊಂಡು ಕಿರುಗುಟ್ಟಿತು. ನೆರಳಿಲ್ಲದ ಹೆದ್ದಾರಿಯ ಅಂಚಿನಲ್ಲಿ ಗಾಡಿ ನಿಲ್ಲಿಸಿ, ಇಂಜಿನ್ ಆರಿದ ಮೇಲೆ ಪ್ಲಗ್ ತೆಗೆದು ನೋಡಿದೆ. ಬಿಸ್ಕತ್ತಿನ ಬಣ್ಣಕ್ಕಿರಬೇಕಾದ ಅದರ ಪಿಂಗಾಣಿ ಸುಣ್ಣ ಬಳಿದಷ್ಟು ಬೆಳ್ಳಗಿತ್ತು. ಊರಿಗೆ ತಂದು ಬಿಚ್ಚಿದಾಗ ಪಿಸ್ಟನ್ ಮೈಮೇಲೆ ಉದ್ದುದ್ದ ಗೀರುಗಳು, ಸಿಲಿಂಡರ್ ಗೋಡೆಗೆ ಮೆತ್ತಿದ ಅಲ್ಯೂಮಿನಿಯಂ. ಹಿಂದೆ ಯಾರೂ ಕೂತಿರಲಿಲ್ಲ ಎಂಬುದನ್ನು ನೆನೆದು ಇಂದಿಗೂ ನಿಟ್ಟುಸಿರು ಬಿಡುತ್ತೇನೆ. ನಿಮ್ಮ ಹಿಂದೆ ಪತ್ನಿ ಕೂರುತ್ತಾರೆ. ಸದ್ದು ಹೆಚ್ಚಾದಾಗ ಶಕ್ತಿ ಹೆಚ್ಚಾಯಿತು ಎಂದು ಕಿವಿ ನಂಬಿಬಿಡುತ್ತದೆ, ನಂಬಬೇಡಿ.

ಇಷ್ಟಾದ ಮೇಲೂ ಇನ್ನಷ್ಟು ಬೇಕೆನಿಸಿದರೆ ಕಂಪ್ರೆಷನ್ (ಸಿಲಿಂಡರ್‌ನಲ್ಲಿ ಮಿಶ್ರಣವನ್ನು ಹಿಂಡುವ ಪ್ರಮಾಣ) ಹೆಚ್ಚಿಸುವುದು ಒಂದು ದಾರಿ. ಅನುಪಾತವನ್ನು 6.5ರಿಂದ 8ಕ್ಕೆ ಏರಿಸಿದರೆ ಲೆಕ್ಕದ ಪ್ರಕಾರ ಶೇ 7ರಷ್ಟು ಲಾಭವಿದೆ. ಆದರೆ ಎರಕದ ಕಬ್ಬಿಣದ ಈ ಬ್ಯಾರಲ್ ಶಾಖವನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ. ಇಬ್ಬರು ಕುಳಿತು, ಕಡಿಮೆ ವೇಗದಲ್ಲಿ, ಪೂರ್ತಿ ಥ್ರಾಟಲ್‌ನಲ್ಲಿ ತಿರುವು ಹತ್ತುವಾಗಲೇ ಇಂಜಿನ್ ಒಳಗೆ ಮಿಶ್ರಣ ತಾನಾಗಿ ಸಿಡಿದು ಕಟಕಟ ಸದ್ದು ಶುರುವಾಗುತ್ತದೆ. ಯಾವ ಜಾಗಕ್ಕಾಗಿ ಶಕ್ತಿ ಬೇಕಿತ್ತೋ ಅಲ್ಲೇ ಅದು ಕೈಕೊಡುತ್ತದೆ. ಹೆಚ್ಚು ಸುತ್ತು ತಿರುಗಿಸಿ ಶಕ್ತಿ ಪಡೆಯುತ್ತೇನೆ ಎಂದರೂ ಕಷ್ಟ. ನಿಮಿಷಕ್ಕೆ 5,500 ಸುತ್ತಿನಿಂದ 6,000ಕ್ಕೆ ಹೋದರೆ ವೇಗ ಹೆಚ್ಚುವುದು ಶೇ 9, ಪಿಸ್ಟನ್ ಅನ್ನು ಕ್ರ್ಯಾಂಕ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಮೇಲಿನ ಎಳೆತ ಹೆಚ್ಚುವುದು ಶೇ 19. ಆ ರಾಡ್‌ನ ಬುಡದಲ್ಲಿ ಇಂದಿನ ಗಾಡಿಗಳಂತೆ ರೋಲರ್ ಬೇರಿಂಗ್ ಇಲ್ಲ, ಎಣ್ಣೆಯ ಪದರದ ಮೇಲೆ ತೇಲುವ ಬುಷ್ ಇದೆ. ಅದಕ್ಕೆ ಎಣ್ಣೆ ಒದಗಿಸುವುದು ಒಂದು ಸಣ್ಣ ಪಂಪ್. ಬ್ರೇಕ್ ಕೂಡ ಅಂದಿನ ಡ್ರಮ್ಮೇ.

500 ಸಿಸಿಯ ಬ್ಯಾರಲ್ ಕೂರಿಸುವ ಸಲಹೆ ಕೊಡುವವರೂ ಇದ್ದಾರೆ. ಅದರ ಬೋರ್ 84 ಮಿ.ಮೀ.; ನಿಮ್ಮ ಇಂಜಿನ್‌ನ ಕೆಳಗಿನ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸ್‌ಗೆ ಹಾಗೆಯೇ ಹೊಂದುವುದಿಲ್ಲ. ಹೊಂದಿಸಿದರೂ ಆರ್‌ಸಿಯಲ್ಲಿರುವ ಸಿಸಿಗೂ ಗಾಡಿಗೂ ತಾಳೆಯಾಗುವುದಿಲ್ಲ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಇದನ್ನು ಒಪ್ಪುವುದಿಲ್ಲ. 2019ರ ತಿದ್ದುಪಡಿಯ ಬಳಿಕ ಇಂಥ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡನ್ನೂ ವಿಧಿಸಬಹುದು. ನಿಮ್ಮ ಗಾಡಿಗೆ ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣವೂ ಇದೆ.

ಬೋರ್ ಮಾಡಿಸಬೇಕಾಗಿ ಬಂದರೆ ಮೊದಲ 500 ಕಿ.ಮೀ. ಗಾಡಿಯನ್ನು ನಿಮ್ಮೂರಿನ ಸಮತಟ್ಟಿನಲ್ಲೇ ಓಡಿಸಿ. ವೇಗ 50ರ ಆಸುಪಾಸಿನಲ್ಲಿರಲಿ. ಒಂದೇ ಸಮನೆ ಹಿಡಿಯದೆ ಏರಿಸುತ್ತಾ ಇಳಿಸುತ್ತಾ ಹೋಗಿ. ಚಿತ್ರದುರ್ಗದವರೆಗೆ ಹೋಗಿ, ಕೋಟೆಯ ಬಳಿ ಇಂಜಿನ್ ತಣ್ಣಗಾಗಲು ಬಿಟ್ಟು ಬನ್ನಿ. ನಾಲ್ಕೈದು ಸಲ ಹೀಗಾದ ಮೇಲೆ ಆಯಿಲ್ ಬದಲಿಸಿ, ಹಳೆಯ ಆಯಿಲ್‌ನಲ್ಲಿ ಲೋಹದ ಪುಡಿ ಎಷ್ಟಿದೆ ಎಂದು ಬೆಳಕಿಗೆ ಹಿಡಿದು ನೋಡಿ. ಆಗುಂಬೆ ಅದರ ನಂತರ.