ಎರಡನೇ ಡಿಸ್ಕ್ ಎಲ್ಲಿಯವರೆಗೆ ಕಾಣುತ್ತಿದೆ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ, ವಿಂಡೋಸ್ 11ಕ್ಕೆ ಅರ್ಹತೆ ಪಡೆಯದ ಹಳೆಯ ಯಂತ್ರಗಳಿಗೆ ಲಿನಕ್ಸ್ ಹಾಕಿಸಿಕೊಳ್ಳಲು ಮೈಸೂರಿನ ನಮ್ಮ ಅಂಗಡಿಗೆ ಬರುವವರು ಹೆಚ್ಚಾಗಿದ್ದಾರೆ. ಡಿಟಿಪಿ ಅಂಗಡಿಯವರು, ಫೋಟೋ ಸ್ಟುಡಿಯೋದವರು, ಲೆಕ್ಕಪತ್ರ ನೋಡಿಕೊಳ್ಳುವ ಸಣ್ಣ ಕಚೇರಿಯವರು ಇವರಲ್ಲಿ ಮುಖ್ಯರು. ಇಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ ಸಿಸ್ಟಮ್‌ಗೆ ಒಂದು ಚಿಕ್ಕ ಎಸ್‌ಎಸ್‌ಡಿ, ಕೆಲಸದ ಫೈಲುಗಳಿಗೆ ಒಂದು ದೊಡ್ಡ ಹಾರ್ಡ್ ಡಿಸ್ಕ್ ಇರುತ್ತದೆ. ಲಿನಕ್ಸ್ ಹಾಕಿಸಿಕೊಂಡು ಹೋದವರಿಂದ ಬರುವ ಮೊದಲ ಫೋನ್ ಹೆಚ್ಚಾಗಿ ಒಂದೇ: "ಸಾರ್, ಡಿ ಡ್ರೈವ್ ಕಾಣ್ತಾನೇ ಇಲ್ಲ."

ಇದನ್ನು ಒಂದೇ ದೋಷ ಎಂದು ಭಾವಿಸುವುದರಿಂದ ಅನಾಹುತಗಳಾಗುತ್ತವೆ. ಬಯೋಸ್‌ಗೇ (ಯಂತ್ರ ಆನ್ ಆದೊಡನೆ ಮೊದಲು ಓಡುವ ತಂತ್ರಾಂಶಕ್ಕೇ) ಡಿಸ್ಕ್ ಕಾಣದಿರುವುದು ಬೇರೆ, ಬಯೋಸ್‌ಗೆ ಕಂಡು ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಕಾಣದಿರುವುದು ಬೇರೆ, ಕರ್ನಲ್‌ಗೆ ಸ್ಪಷ್ಟವಾಗಿ ಕಂಡೂ ಫೈಲ್ ಮ್ಯಾನೇಜರ್‌ನಲ್ಲಿ ತೆರೆಯದಿರುವುದು ಬೇರೆ. ನಮ್ಮಲ್ಲಿಗೆ ಬರುವ ಪ್ರಕರಣಗಳಲ್ಲಿ ಹೆಚ್ಚಿನವು ಕೊನೆಯ ಬಗೆಯವು, ಅಂದರೆ ಡಿಸ್ಕ್ ಆರೋಗ್ಯವಾಗಿಯೇ ಇರುತ್ತದೆ. ಆದರೆ ಗಾಬರಿಯಲ್ಲಿ ಯಾರೋ ಡಿಸ್ಕ್ಸ್ ತಂತ್ರಾಂಶವನ್ನು ತೆರೆದು, ಅಲ್ಲಿರುವ ಫಾರ್ಮ್ಯಾಟ್ ಎಂಬ ಆಯ್ಕೆಯನ್ನು ದುರಸ್ತಿಯ ದಾರಿ ಎಂದು ನಂಬಿ ಒತ್ತಿದರೆ, ಇಲ್ಲದ ದೋಷಕ್ಕೆ ಇದ್ದ ಫೈಲುಗಳೆಲ್ಲ ಬಲಿಯಾಗುತ್ತವೆ.

ಆದ್ದರಿಂದ ಏನನ್ನೂ ಬದಲಾಯಿಸದೆ ಬರೀ ನೋಡುವ ಆಜ್ಞೆಗಳಿಂದ ಆರಂಭಿಸಬೇಕು. ಟರ್ಮಿನಲ್‌ನಲ್ಲಿ ಎಲ್‌ಎಸ್‌ಬಿಎಲ್‌ಕೆ ಎಂಬ ಆಜ್ಞೆ ಕೊಟ್ಟರೆ ಕರ್ನಲ್ ಗುರುತಿಸಿರುವ ಡಿಸ್ಕ್‌ಗಳೆಲ್ಲ ಗಾತ್ರದೊಡನೆ ಪಟ್ಟಿಯಾಗುತ್ತವೆ. ಸಾಟಾ ಡಿಸ್ಕ್‌ಗಳ ಹೆಸರು ಎಸ್‌ಡಿಎ, ಎಸ್‌ಡಿಬಿ ಎಂದಿರುತ್ತದೆ. ಅದೇ ಆಜ್ಞೆಗೆ ಮೈನಸ್ ಎಫ್ ಸೇರಿಸಿದರೆ ಪ್ರತಿ ಪಾರ್ಟಿಷನ್‌ನ (ಡಿಸ್ಕ್‌ನ ಭಾಗದ) ಫೈಲ್ ಸಿಸ್ಟಮ್ ಅಂದರೆ ಫೈಲುಗಳನ್ನು ಇಡುವ ಪದ್ಧತಿ, ಯುಯುಐಡಿ ಎಂಬ ಅದರದೇ ಗುರುತುಸಂಖ್ಯೆ ಮತ್ತು ಅದು ಮೌಂಟ್ ಆಗಿರುವ, ಅಂದರೆ ಜೋಡಣೆಯಾಗಿರುವ ಜಾಗವೂ ತಿಳಿಯುತ್ತದೆ. ಲಿನಕ್ಸ್‌ನಲ್ಲಿ ಸಿ, ಡಿ ಎಂಬ ಅಕ್ಷರಗಳಿಲ್ಲ. ಎಲ್ಲ ಡಿಸ್ಕ್‌ಗಳೂ ಒಂದೇ ಫೋಲ್ಡರ್ ವೃಕ್ಷದ ಯಾವುದಾದರೊಂದು ಫೋಲ್ಡರ್‌ಗೆ ಜೋಡಣೆಯಾಗಬೇಕು. ಜೋಡಣೆಯಾಗದ ಡಿಸ್ಕ್, ಕಟ್ಟಿ ಮುಗಿಸಿ ಬಾಗಿಲು ಇಡದೆ ಬಿಟ್ಟ ಕೋಣೆಯ ಹಾಗೆ, ಇದ್ದೂ ಒಳಗೆ ಹೋಗಲು ದಾರಿಯಿರುವುದಿಲ್ಲ.

ಮಂಡ್ಯದ ಒಂದು ಸ್ಟುಡಿಯೋದ ಯಂತ್ರವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಅದರಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇದ್ದವು. ಫೋಟೋಗಳು ತುಂಬಿದ್ದ 4 ಟಿಬಿ ಡಿಸ್ಕ್ ಪಟ್ಟಿಯಲ್ಲಿ 3.6 ಟಿ ಎಂದು ಕಾಣುತ್ತಿತ್ತು. (ತಯಾರಕರು ಸಾವಿರದ ಲೆಕ್ಕದಲ್ಲಿ, ಈ ಆಜ್ಞೆ 1024ರ ಲೆಕ್ಕದಲ್ಲಿ ಎಣಿಸುವುದರಿಂದ ಬರುವ ವ್ಯತ್ಯಾಸವಿದು, ಯಾವ ಫೈಲೂ ಕಳೆದಿರುವುದಿಲ್ಲ.) ಆದರೆ ಅದನ್ನು ಕ್ಲಿಕ್ ಮಾಡಿದರೆ ಫೈಲ್ ಸಿಸ್ಟಮ್ ಬಗೆ ತಪ್ಪಿರಬಹುದು, ಸೂಪರ್‌ಬ್ಲಾಕ್ ಕೆಟ್ಟಿರಬಹುದು ಎಂಬ ಸಂದೇಶ ಬರುತ್ತಿತ್ತು. "ಡಿಸ್ಕ್ ಹೋದಂಗೇನಾ ಸಾರ್? ಮದುವೆ ಆಲ್ಬಂ ಇನ್ನೂ ಕೊಟ್ಟಿಲ್ಲ" ಎಂದು ಸ್ಟುಡಿಯೋದವರು ಕಂಗಾಲಾಗಿದ್ದರು. ಅದು ಹಲವು ಕಾರಣಗಳಿಗೆ ಬರುವ ಸಾಮಾನ್ಯ ಸಂದೇಶವಾದ್ದರಿಂದ ಅದನ್ನು ಅಕ್ಷರಶಃ ನಂಬಬೇಕಾಗಿಲ್ಲ. ಡಿಮೆಸೇಜ್ (dmesg) ಆಜ್ಞೆ ತೋರಿಸುವ ಕರ್ನಲ್ ದಾಖಲೆಯ ಕೊನೆಯ ಸಾಲುಗಳಲ್ಲಿ ನಿಜವಾದ ಕಾರಣ ಇತ್ತು: ವಾಲ್ಯೂಮ್ (ಅಂದರೆ ಆ ಪಾರ್ಟಿಷನ್) ಡರ್ಟಿ ಆಗಿದೆ, ಫೋರ್ಸ್ ಆಯ್ಕೆ ಕೊಟ್ಟಿಲ್ಲ.

ವಿಂಡೋಸ್ ತನ್ನ ಫೈಲ್ ಸಿಸ್ಟಮ್ ಆದ ಎನ್‌ಟಿಎಫ್‌ಎಸ್ ಇರುವ ವಾಲ್ಯೂಮ್‌ನ ಕೆಲಸವನ್ನು ಸರಿಯಾಗಿ ಮುಗಿಸದೆ ನಿಂತಾಗ, ಉದಾಹರಣೆಗೆ ಫೈಲುಗಳು ನಕಲಾಗುತ್ತಿರುವಾಗಲೇ ಕರೆಂಟ್ ಹೋದರೆ, ಅದರ ಮೇಲೆ ಈ ಗುರುತು ಉಳಿಯುತ್ತದೆ. 2021ರಲ್ಲಿ 5.15ನೇ ಕರ್ನಲ್‌ಗೆ ಸೇರಿದ ಎನ್‌ಟಿಎಫ್‌ಎಸ್3 ಡ್ರೈವರ್ ಈ ಗುರುತಿರುವ ವಾಲ್ಯೂಮ್ ಅನ್ನು ಬರೆಯಲು ಅನುಕೂಲವಾಗುವಂತೆ ಮೌಂಟ್ ಮಾಡಲು ನಿರಾಕರಿಸುತ್ತದೆ, ಮತ್ತು ಆ ನಿರಾಕರಣೆ ಸರಿಯಾದದ್ದೇ. ವಿಂಡೋಸ್ 8ರಿಂದ ಬಂದ ಫಾಸ್ಟ್ ಸ್ಟಾರ್ಟಪ್ ಕೂಡ ಇದೇ ಬಗೆಯ ತೊಂದರೆ ಕೊಡುತ್ತದೆ, ಏಕೆಂದರೆ ಅಲ್ಲಿ ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳದೆ ಅರೆನಿದ್ದೆಗೆ ಜಾರುತ್ತದೆ. ಪರಿಹಾರವನ್ನು ವಿಂಡೋಸ್‌ನಲ್ಲಿಯೇ ಮಾಡಬೇಕು: ಡಿಸ್ಕ್ ಪರೀಕ್ಷಿಸುವ ಚೆಕ್‌ಡಿಸ್ಕ್ ನಡೆಸಿ, ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಆಮೇಲೆ ಶಟ್‌ಡೌನ್ ಮಾಡಬೇಕು. ವಿಂಡೋಸ್ ಇಲ್ಲದಿದ್ದರೆ ಮೊದಲು ಓದಲು ಮಾತ್ರ ಎಂಬ ಆಯ್ಕೆಯಲ್ಲಿ ಮೌಂಟ್ ಮಾಡಿ ಫೈಲುಗಳನ್ನು ಬೇರೆಡೆಗೆ ನಕಲಿಸಿಕೊಳ್ಳಬೇಕು. ಎನ್‌ಟಿಎಫ್‌ಎಸ್‌ಫಿಕ್ಸ್ ಎಂಬ ಆಜ್ಞೆಯಿಂದ ಗುರುತನ್ನು ಅಳಿಸಬಹುದಾದರೂ ಅದು ಚೆಕ್‌ಡಿಸ್ಕ್‌ಗೆ ಸಮನಲ್ಲ. ನಕಲು ಕೈಯಲ್ಲಿಲ್ಲದೆ ಅದನ್ನು ಬಳಸುವುದನ್ನು ನಾನು ಒಪ್ಪುವುದಿಲ್ಲ.

ಪ್ರತಿ ಸಲ ಬೂಟ್ ಆದಾಗ ಡಿಸ್ಕ್ ತಾನಾಗಿ ಮೌಂಟ್ ಆಗಲು ಇಟಿಸಿ ಫೋಲ್ಡರ್‌ನಲ್ಲಿರುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಒಂದು ಸಾಲು ಸೇರಿಸಬೇಕು. ಅಲ್ಲಿ ಎಸ್‌ಡಿಬಿ1 ಎಂಬಂಥ ಹೆಸರನ್ನು ಬರೆಯಬಾರದು, ಏಕೆಂದರೆ ಇನ್ನೊಂದು ಡಿಸ್ಕ್ ಸೇರಿದರೆ ಆ ಹೆಸರು ಬದಲಾಗಬಹುದು; ಯುಯುಐಡಿಯನ್ನೇ ಬರೆಯಬೇಕು. ಜೊತೆಗೆ ನೋಫೇಲ್ ಎಂಬ ಆಯ್ಕೆ ಇರಲೇಬೇಕು. ಅದಿಲ್ಲದಿದ್ದರೆ, ಡಿಸ್ಕ್ ಸಿಗದ ದಿನ ಸಿಸ್ಟಮ್ ಸಾಮಾನ್ಯವಾಗಿ 90 ಸೆಕೆಂಡು ಕಾದು ಎಮರ್ಜೆನ್ಸಿ ಮೋಡ್‌ಗೆ ಇಳಿಯುತ್ತದೆ, ಗ್ರಾಹಕರು ಯಂತ್ರವೇ ಹೋಯಿತೆಂದು ಅದನ್ನು ಹೊತ್ತು ತರುತ್ತಾರೆ. ರೀಬೂಟ್ ಮಾಡುವ ಮೊದಲು ಮೌಂಟ್ ಆಜ್ಞೆಯನ್ನು ಮೈನಸ್ ಎ ಆಯ್ಕೆಯೊಡನೆ ಕೊಟ್ಟು ಬರೆದ ಸಾಲನ್ನು ಪರೀಕ್ಷಿಸಿಕೊಳ್ಳಬೇಕು.

ಅಂಗಡಿಯಿಂದ ತಂದ ಹೊಸ ಡಿಸ್ಕ್‌ನಲ್ಲಿ ಪಾರ್ಟಿಷನ್ ಇಲ್ಲದಿರುವುದು ಸಹಜ. ಫಾರ್ಮ್ಯಾಟ್ ನಿಜಕ್ಕೂ ಬೇಕಾಗುವುದು ಅಲ್ಲಿ ಮಾತ್ರ. ಗಾತ್ರ 2 ಟಿಬಿಗಿಂತ ಹೆಚ್ಚಿದ್ದರೆ ಜಿಪಿಟಿ ಬಗೆಯ ಪಾರ್ಟಿಷನ್ ಪಟ್ಟಿಯನ್ನೇ ಆರಿಸಬೇಕು. ಲಿನಕ್ಸ್‌ನ ಫೈಲ್ ಸಿಸ್ಟಮ್ ಆದ ಇಎಕ್ಸ್‌ಟಿ4 ಹಾಕಿದ ಮೇಲೆ ಡಿಸ್ಕ್ ಕಂಡರೂ ಬರೆಯಲು ಬಿಡದಿದ್ದರೆ ಅದರ ಒಡೆತನ ರೂಟ್ ಎಂಬ ಮುಖ್ಯ ಬಳಕೆದಾರನ ಹೆಸರಿನಲ್ಲಿದೆ ಎಂದು ತಿಳಿದು ಬದಲಾಯಿಸಿಕೊಳ್ಳಬೇಕು.

ಎಲ್‌ಎಸ್‌ಬಿಎಲ್‌ಕೆ ಪಟ್ಟಿಯಲ್ಲಿಯೇ ಡಿಸ್ಕ್ ಇಲ್ಲದಿದ್ದರೆ ಬಯೋಸ್ ನೋಡಬೇಕು. ಅಲ್ಲಿ ಎನ್‌ವಿಎಂಇ ಡಿಸ್ಕ್ (ವೇಗದ ಬಗೆಯ ಎಸ್‌ಎಸ್‌ಡಿ) ಇದ್ದು ಲಿನಕ್ಸ್‌ನಲ್ಲಿ ಇಲ್ಲವಾದರೆ, ಹಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಸ್ಟೋರೇಜ್ ಮೋಡ್ ರೇಡ್ ಎಂದಿರುವುದು ಕಾರಣ. ಅದನ್ನು ಎಎಚ್‌ಸಿಐಗೆ ಬದಲಾಯಿಸಿದರೆ ಡಿಸ್ಕ್ ಬರುತ್ತದೆ, ಆದರೆ ಅದೇ ಯಂತ್ರದಲ್ಲಿರುವ ವಿಂಡೋಸ್ ಮುಂಚಿತ ಸಿದ್ಧತೆಯಿಲ್ಲದೆ ಬೂಟ್ ಆಗದೆ ಹೋಗಬಹುದು. ಬಯೋಸ್‌ನಲ್ಲಿಯೂ ಕಾಣದಿದ್ದರೆ ಯಂತ್ರ ಆಫ್ ಮಾಡಿ ಕೇಬಲ್ ಬದಲಿಸಿ ನೋಡಬೇಕು. ಕೆಲವು ಮದರ್‌ಬೋರ್ಡ್‌ಗಳಲ್ಲಿ ಎಂ.2 ಕಿಂಡಿಗೆ ಎಸ್‌ಎಸ್‌ಡಿ ಕೂರಿಸಿದರೆ ಒಂದೆರಡು ಸಾಟಾ ಪೋರ್ಟ್‌ಗಳು ನಿಂತುಹೋಗುತ್ತವೆ; ಹೊಸ ಎಸ್‌ಎಸ್‌ಡಿ ಹಾಕಿಸಿದ ಮೇಲೆ ಹಳೆಯ ಡಿಸ್ಕ್ ಮಾಯವಾಯಿತು ಎಂಬ ದೂರಿನಲ್ಲಿ ನಾನು ಮೊದಲು ಮದರ್‌ಬೋರ್ಡ್‌ನ ಕೈಪಿಡಿ ತೆರೆಯುತ್ತೇನೆ.

ಡಿಸ್ಕ್ ಒಮ್ಮೆ ಕಂಡು ಒಮ್ಮೆ ಮಾಯವಾಗುತ್ತಿದ್ದರೆ ಡಿಸ್ಕ್‌ನ ಆರೋಗ್ಯ ತಿಳಿಸುವ ಸ್ಮಾರ್ಟ್‌ಸಿಟಿಎಲ್ ಆಜ್ಞೆಯ ವರದಿ ನೋಡಬೇಕು. ಯುಡಿಎಂಎ ಸಿಆರ್‌ಸಿ ದೋಷಗಳ (ಡೇಟಾ ಸಾಗಣೆಯಲ್ಲಾಗುವ ತಪ್ಪುಗಳ) ಸಂಖ್ಯೆ ಮಾತ್ರ ಏರುತ್ತಿದ್ದರೆ ಸಾಮಾನ್ಯವಾಗಿ ಕೇಬಲ್‌ನದೇ ತಪ್ಪು. ಪೆಂಡಿಂಗ್ ಸೆಕ್ಟರ್‌ಗಳ (ಡಿಸ್ಕ್‌ಗೆ ಸರಿಯಾಗಿ ಓದಲಾಗದ ಜಾಗಗಳ) ಸಂಖ್ಯೆ ಏರುತ್ತಿದ್ದರೆ ಡಿಸ್ಕ್ ಸಾಯುತ್ತಿದೆ ಎಂದೇ ತಿಳಿಯಬೇಕು. ಆಗ ಫೈಲ್ ಸಿಸ್ಟಮ್ ದುರಸ್ತಿಗೆ ಕೈ ಹಾಕದೆ, ಡಿಡಿರೆಸ್ಕ್ಯೂ ಬಳಸಿ ಇಡೀ ಡಿಸ್ಕ್ ಅನ್ನು ಬೇರೊಂದಕ್ಕೆ ನಕಲಿಸಿ, ದುರಸ್ತಿಯನ್ನು ಆ ನಕಲಿನ ಮೇಲೆ ಮಾಡಬೇಕು. ಒಳಗಿನಿಂದ ಟಕಟಕ ಸದ್ದು ಬರುತ್ತಿದ್ದರೆ ಆ ಪ್ರಯತ್ನವನ್ನೂ ಮಾಡದೆ ಯಂತ್ರ ಆಫ್ ಮಾಡಿ, ಡೇಟಾ ರಿಕವರಿ ಮಾಡುವವರ ಕೈಗೆ ಕೊಡಬೇಕು.